ಗೆರೆಯವಳ ಗಾಡಿ

ನಮ್ಮೂರಿನ ಗುಡ್ಡಕ್ಕೆ ಒಂದೇ ಕಡೆ ಕೂತು ಅಭ್ಯಾಸವಿಲ್ಲ. ನಿನ್ನೆ ಕುಂಬಾರಗೇರಿಯ ಹಿಂದೆ ಇದ್ದದ್ದು ಇವತ್ತು ಬೆಳಿಗ್ಗೆ ಪೇಟೆಗೂ ನಮಗೂ ನಡುವೆ ಬಂದು ಕೂತಿರುತ್ತದೆ, ನಾಳೆ ಕೆರೆಯ ಆಚೆಗೆ ಹೋಗಿರುತ್ತದೆ. ಮನೆಗಳ ಮೇಲೆ ಕೂರುವುದಿಲ್ಲ, ಬಾವಿಯ ಮೇಲೆ ಕೂರುವುದಿಲ್ಲ, ಅಷ್ಟರ ಮಟ್ಟಿಗೆ ಮರ್ಯಾದಸ್ಥ ಗುಡ್ಡ. ದಾರಿಯ ಮೇಲೆ ಮಾತ್ರ ಅದಕ್ಕೆ ಕಣ್ಣು. ಹಿಂದೊಮ್ಮೆ ಸರ್ಕಾರದವರು ಬಂದು ಟಾರು ರಸ್ತೆ ಹಾಕಿಸಿ ಹೋದರು. ಆ ರಸ್ತೆಯ ಒಂದು ತುಂಡು ಈಗ ಗುಡ್ಡದ ನೆತ್ತಿಯ ಮೇಲಿದೆ. ಬಿಸಿಲಿಗೆ ಕಾದು ಬೆಚ್ಚಗಿರುತ್ತದೆಂದು ಆಡುಗಳು ಅದರ ಮೇಲೆ ಮಲಗುತ್ತವೆ. ಹೊರಗಿನವರು ಬಂದರೆ ಇದೆಲ್ಲ ಹೇಗೆ ಎಂದು ಕೇಳುತ್ತಾರೆ. ನಾವು ಟೀ ಕುಡಿಯುತ್ತೀರಾ ಎಂದು ಕೇಳುತ್ತೇವೆ.

ಹೀಗಾಗಿ ನಮ್ಮಲ್ಲಿ ರಸ್ತೆ ಎನ್ನುವುದಿಲ್ಲ, ಬೆಳಗಿನ ಗೆರೆ ಇದೆ. ಗೆರೆ ಹಾಕಲು ಊರಿಗೊಬ್ಬರು ಇರುತ್ತಾರೆ. ಅವರು ಬೆಳಕು ಹರಿಯುತ್ತಿದ್ದಂತೆ ಗಾಡಿ ತೆಗೆದು, ಗುಡ್ಡ ಎಲ್ಲಿ ಕೂತಿದೆ ನೋಡಿ, ಹತ್ತಿ ಇಳಿದು, ಕೇರಿಯಿಂದ ಕೇರಿಗೆ ದಾರಿ ಹುಡುಕಬೇಕು. ಸೀಟಿನ ಹಿಂದೆ ಕಟ್ಟಿದ ತೂತಿನ ಡಬ್ಬದಿಂದ ಸುಣ್ಣದ ಪುಡಿ ಉದುರುತ್ತ ಬರುತ್ತದೆ. ಆ ಬಿಳಿ ಗೆರೆಯೇ ಆ ದಿನದ ರಸ್ತೆ. ಹಾಲಿನವರು, ಸೊಪ್ಪಿನವರು, ಶಾಲೆಯ ಮೇಷ್ಟ್ರು, ಬಾಣಂತಿ, ಮದುವೆ ದಿಬ್ಬಣ ಎಲ್ಲರೂ ಅದರ ಮೇಲೆಯೇ ಹೋಗಬೇಕು. ಮನೆಗೊಂದು ಮೋಟಾರು ಗಾಡಿ, ಅದಕ್ಕೆ ಹಲ್ಲು ಹಲ್ಲಿನ ಟೈರು. ಬೇರೆ ಊರುಗಳಲ್ಲಿ ಹೆಣ್ಣು ನೋಡಲು ಬಂದವರು ಹಾಡು ಹೇಳಮ್ಮ ಎನ್ನುತ್ತಾರಂತೆ. ನಮ್ಮಲ್ಲಿ ಅಂಗಳದಲ್ಲಿ ಒಂದು ಸುತ್ತು ಹೊಡೆದು ತೋರಿಸಮ್ಮ ಎನ್ನುತ್ತಾರೆ.

ಮತ್ತೆ, ನಿಮ್ಮದು ಎರಡರ ಮನೆಯೋ ನಾಲ್ಕರ ಮನೆಯೋ ಎಂದು ಕೇಳುತ್ತಾರೆ. ಟೂ ಸ್ಟ್ರೋಕ್ ಗಾಡಿ ಇಟ್ಟವರು ಎರಡರವರು, ಫೋರ್ ಸ್ಟ್ರೋಕ್ ಇಟ್ಟವರು ನಾಲ್ಕರವರು. ಎರಡರ ಗಾಡಿ ಹಗುರ. ಬಿದ್ದರೆ ಒಂದೇ ಕೈಯಲ್ಲಿ ಎತ್ತಬಹುದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹೊಯ್ಯಬೇಕು, ಹಿಂದೆ ನೀಲಿ ಹೊಗೆ ಬಿಡುತ್ತದೆ, ಕುಡಿಯುವುದೂ ಜಾಸ್ತಿ. ಆದರೆ ಏರಿನ ಬುಡದಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಸಿಟ್ಟು ಬಂದವರಂತೆ ಒಂದೇ ಉಸಿರಿಗೆ ನೆತ್ತಿ ಮುಟ್ಟುತ್ತದೆ. ಇಳಿಯುವಾಗ ಮಾತ್ರ ನಿಮ್ಮನ್ನು ಕೈಬಿಟ್ಟಿತು ಎಂದೇ ಲೆಕ್ಕ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಡೆಯುವುದಿಲ್ಲ, ಬ್ರೇಕು ಮತ್ತು ದೇವರು ಇಬ್ಬರೇ ಗತಿ. ನಾಲ್ಕರ ಗಾಡಿ ಭಾರ, ನಿಧಾನ, ಬಿದ್ದರೆ ಎತ್ತಲು ಸೊಂಟ ಬೇಕು, ಕಾದಾಗ ಆರಿಹೋದರೆ ಮತ್ತೆ ಹೊತ್ತಿಕೊಳ್ಳಲು ರಮಿಸಬೇಕು. ಆದರೆ ಸಣ್ಣ ವೇಗದಲ್ಲೂ ಎಳೆಯುತ್ತದೆ, ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಈ ವಿಷಯಕ್ಕೆ ನಮ್ಮೂರಲ್ಲಿ ಅಣ್ಣತಮ್ಮಂದಿರು ಪಾಲಾಗಿದ್ದಾರೆ.

ಗೆರೆಯವರ ಗಾಡಿ ಹೇಗೋ ಊರಿನ ದಾರಿಯೂ ಹಾಗೆ. ಎರಡರ ಗಾಡಿಯವನು ಹಾಕಿದ ಗೆರೆ ನೇರ ಹತ್ತಿ ನೇರ ಇಳಿಯುತ್ತದೆ. ನಾಲ್ಕರದ್ದಾದರೆ ಗುಡ್ಡವನ್ನು ಬಳಸಿ ಬಳಸಿ ಹೋಗುತ್ತದೆ. ನಮ್ಮೂರಿಗೆ ಬಹಳ ಕಾಲ ಗೆರೆ ಹಾಕಿದವನು ನನ್ನ ಸೋದರಮಾವ ಚಿಕ್ಕೀರಯ್ಯ. ಅವನು ಎರಡರವನು, ಅದೂ ಎಂಥ ಎರಡರವನು! ನಾಲ್ಕರ ಗಾಡಿ ಬಾಗಿಲ ಮುಂದೆ ನಿಂತರೆ ಅಂಗಳಕ್ಕೆ ನೀರು ಹಾಕಿಸುತ್ತಿದ್ದ. ಮದುವೆಯಾಗಲಿಲ್ಲ, ಗಾಡಿಯನ್ನೇ ಕಟ್ಟಿಕೊಂಡ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವನು ಅವನೇ. ನನಗೆ ಜಡೆ ಹಾಕಲು ಅವನಿಗೆ ಬರಲಿಲ್ಲ, ಆದ್ದರಿಂದ ಕೂದಲು ಕತ್ತರಿಸಿ ಗಾಡಿ ಕಲಿಸಿದ. ಹೋದ ಸುಗ್ಗಿಯಲ್ಲಿ ಗುಡ್ಡದ ನೇರ ಇಳುಕಲಿನಲ್ಲಿ ಗಾಡಿ ಅವನ ಕೈಮೀರಿತು. ಬಂಡೆಗೆ ಬಿದ್ದು ಬಲಗಡೆಯ ಸೊಂಟದ ಮೂಳೆ ಮುರಿಯಿತು. ಕಲ್ಲು ಸಡಿಲ ಇತ್ತು ಎಂದ. ಗಾಡಿಯದ್ದು ತಪ್ಪು ಎಂದು ಯಾರೂ ಅನ್ನಲಿಲ್ಲ, ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಮೂಳೆ ಕೂಡಿತು, ಅಂಗಳದಲ್ಲಿ ಓಡಾಡುವಂತಾದ. ಆದರೆ ಜಾಲಿ ಬಯಲಿನ ಆಚೆ ಒಂಟಿಯಾಗಿರುವ ತನ್ನ ಮನೆ ಬಿಟ್ಟು ಹೊರಗೆ ಬರಲಿಲ್ಲ. ಆಗ ಊರವರು ಸರದಿಯ ಮೇಲೆ ಗೆರೆ ಹಾಕುತ್ತಿದ್ದರು. ಒಂದು ದಿನ ಗೆರೆ ಹಳ್ಳಕ್ಕೆ ಇಳಿದು ಅಲ್ಲೇ ಮುಗಿದಿತ್ತು. ಕಂಡಕಂಡವರು ಎಳೆದ ಗೆರೆಯ ಮೇಲೆ ನಾನು ಓಡಿಸಲ್ಲ ಎಂದು ಮಾವ ಜಗಲಿಯ ಮೇಲೆ ಕೂತುಬಿಟ್ಟ. ವಾರಕ್ಕೊಮ್ಮೆ ನಾನೇ ಅಕ್ಕಿ ಬೇಳೆ ಒಯ್ದು ಕೊಟ್ಟು, ಬೈಸಿಕೊಂಡು ಬರುತ್ತಿದ್ದೆ. ಊರವರಿಗೆ ಸಾಕಾಯಿತು. ಊರಿನ ಯಜಮಾನಿಕೆ ಗಿರಣಿ ಸಾಕಮ್ಮನದು. ಹಿಟ್ಟು ಬೀಸುವಷ್ಟೇ ನುಣ್ಣಗೆ ಮಾತಾಡುವ ಹೆಂಗಸು. ಅವಳು ನನ್ನ ಕಿರಾಣಿ ಅಂಗಡಿಗೆ ಬಂದು ಒಂದು ಸುತ್ತಿನ ಹೊಗಳಿಕೆ ಮುಗಿಸಿ, ಇನ್ನು ಮೇಲೆ ಗೆರೆ ನಿನ್ನದು ದೇವೀರಿ ಎಂದಳು. ಆಗಲಿ ಎಂದೆ. ಬೇರೆಯವರಾಗಿದ್ದರೆ ಸ್ವಲ್ಪ ನಾಚಿಕೊಳ್ಳುತ್ತಿದ್ದರು. ನನಗಿಂತ ಚೆನ್ನಾಗಿ ಗಾಡಿ ಓಡಿಸುವವರು ಊರಲ್ಲಿ ಇಲ್ಲ ಎಂದು ನನಗೆ ಗೊತ್ತಿತ್ತು, ನಾಚಿಕೊಂಡು ಯಾರಿಗೆ ಉಪಕಾರ?

ಗೆರೆಯವರಿಗೆ ಊರೇ ಹೊಸ ಗಾಡಿ ಕೊಡುತ್ತದೆ. ಎರಡರದ್ದೋ ನಾಲ್ಕರದ್ದೋ ಅವರೇ ಆರಿಸಬೇಕು. ಒಮ್ಮೆ ಆರಿಸಿದರೆ ಗೆರೆ ಬಿಡುವವರೆಗೆ ಅದೇ. ಇನ್ನೊಂದು ಪದ್ಧತಿ ಇದಕ್ಕಿಂತ ಬಿಗಿ. ಹೊಸಬರು ಹಾಕಿದ ಮೊದಲನೇ ಗೆರೆಯ ಮೇಲೆ ಊರಿನ ಪ್ರತಿ ಮನೆಯ ಚಕ್ರವೂ ಅದೇ ದಿನ ಹೊತ್ತು ಮುಳುಗುವುದರೊಳಗೆ ಉರುಳಿ ಪೇಟೆ ಮುಟ್ಟಬೇಕು. ಒಂದು ಮನೆಯ ಚಕ್ರ ಬರದಿದ್ದರೂ ಗೆರೆ ನಿಲ್ಲುವುದಿಲ್ಲ. ಗಾಡಿ ವಾಪಸು ಕೊಟ್ಟು ಮನೆಗೆ ಹೋಗಬೇಕು, ಮತ್ತೆ ಕೇಳುವ ಹಾಗಿಲ್ಲ. ಹಿಂದೆ ಒಬ್ಬನದು ಹೀಗೆ ಹೋಗಿತ್ತು. ಯಾರೋ ಒಬ್ಬರಿಗೆ ಜ್ವರವಂತೆ, ಚಕ್ರ ಬರಲಿಲ್ಲ. ಅವನು ಈಗ ಬೇರೆ ಊರಲ್ಲಿ ಬಸ್ಸು ಓಡಿಸುತ್ತಾನೆ. ಅಲ್ಲಿ ಗುಡ್ಡ ಅಲುಗಾಡುವುದಿಲ್ಲವಂತೆ, ಪಾಪ.

ಗಾಡಿ ತರಿಸುವುದು, ರಿಪೇರಿ ಮಾಡುವುದು ಎರಡೂ ದಸ್ತಗೀರಣ್ಣನ ಕೆಲಸ. ಒಂದೊಂದು ಜಾತಿಯದು ಒಂದೊಂದು ತರಿಸಿ ತನ್ನ ಶೆಡ್ಡಿನ ಮುಂದೆ ನಿಲ್ಲಿಸಿದ್ದ. ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದೆ. "ನನ್ನ ಕೇಳ್ಬೇಡ ತಾಯಿ," ಎಂದ. "ಎರಡರದ್ದು ಪದೇ ಪದೇ ನನ್ನ ಹತ್ರ ಬರುತ್ತೆ, ಸಣ್ಣ ಪುಟ್ಟ ಕೆಲಸ. ನಾಲ್ಕರದ್ದು ಅಪರೂಪಕ್ಕೆ ಬರುತ್ತೆ, ಬಂದ್ರೆ ಹಬ್ಬ ಮಾಡ್ಸುತ್ತೆ. ನನಗೆ ಎರಡೂ ಒಂದೇ, ಕೆಡ್ತಾ ಇರ್ಬೇಕು ಅಷ್ಟೆ."

ನಾನು ಕುಂಬಾರಗೇರಿಯ ಸೋಮಕ್ಕನ ಹತ್ತಿರ ಹೋದೆ. ಅವಳು ವಾರವಾರವೂ ಗಾಡಿಯ ಹಿಂದೆ ಮಡಕೆ ಕಟ್ಟಿಕೊಂಡು ಗುಡ್ಡ ದಾಟಿ ಪೇಟೆಗೆ ಬರುವವಳು. ಮಾವನ ನೇರ ಗೆರೆಗಳ ಕಾಲದಲ್ಲಿ ಅವಳ ಮಡಕೆಗಳು ಪೇಟೆ ಮುಟ್ಟುವ ಹೊತ್ತಿಗೆ ಅರ್ಧ ಹೆಂಚಾಗಿರುತ್ತಿದ್ದವು. ಎರಡು ಹೊರೆ ಮಡಕೆ ಕೊಡು, ಎರಡು ಗಾಡಿಗೂ ಒಂದೊಂದು ಹೊರೆ ಕಟ್ಟಿ ಗುಡ್ಡ ಹತ್ತಿಸಿ ಇಳಿಸುತ್ತೇನೆ ಎಂದೆ. "ಒಡೆದ್ರೆ?" ಎಂದಳು. ಒಡೆದವನ್ನು ಎಣಿಸೋಣ ಎಂದೆ. "ಎಣ್ಸೋದೇನ್ ಬ್ಯಾಡ, ಒಡೆದದ್ದನ್ನ ನಿಮ್ಮಾವನ ಜಗಲಿ ಮುಂದೆ ಸುರಿ, ನನ್ನ ಹೆಸರು ಹೇಳು," ಎಂದು ಕೊಟ್ಟಳು.

ಮೊದಲು ಎರಡರದ್ದು ಹತ್ತಿಸಿದೆ. ಸುಳ್ಳು ಯಾಕೆ ಹೇಳಲಿ, ಅಂಥ ಸುಖ ಬೇರೆ ಇಲ್ಲ. ಬುಡದಲ್ಲಿ ಸ್ವಲ್ಪ ಗೊಣಗುತ್ತದೆ, ಆಮೇಲೆ ಎಲ್ಲಿಂದಲೋ ಒಂದು ಹುಚ್ಚು ಬರುತ್ತದೆ ಅದಕ್ಕೆ, ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದೆ. ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ನೆತ್ತಿಯ ಆಡುಗಳು ಎದ್ದು ಓಡಿದವು. ಇಳಿಯುವಾಗ ನಗು ನಿಂತಿತು. ಕೆಳಗೆ ಬರುವಷ್ಟರಲ್ಲಿ ಬ್ರೇಕಿನಿಂದ ಸುಟ್ಟ ವಾಸನೆ, ಬೆನ್ನ ಹಿಂದೆ ಒಡೆದ ಮಡಕೆಗಳ ಸದ್ದು. ನಾಲ್ಕರದ್ದನ್ನು ಹತ್ತಿಸುವಾಗ ಒಂದು ತಿರುವಿನಲ್ಲಿ ಕೆಡವಿಕೊಂಡೆ, ಪುಣ್ಯಕ್ಕೆ ಹೊರೆ ಹುಲ್ಲಿನ ಪೊದೆಯ ಮೇಲೆ ಬಿದ್ದು ಮಡಕೆಗಳು ಉಳಿದವು. ಗಾಡಿ ಎತ್ತಲು ಹೋಗಿ ಕಣ್ಣಿಗೆ ಕತ್ತಲೆ ಬಂತು, ಒಂದು ಕಲ್ಲಿನ ಮೇಲೆ ಕೂತು ಗಾಡಿಯನ್ನೂ ಗಾಡಿ ಮಾಡಿದವರನ್ನೂ ಬೈದೆ. ಮತ್ತೆ ಹೊತ್ತಿಸಲು ಒದ್ದು ಒದ್ದು ಸಾಕಾಯಿತು. ಆದರೆ ಇಳಿಯುವಾಗ ಎರಡನೇ ಗೇರಿಗೆ ಹಾಕಿ ಬಿಟ್ಟರೆ ಸಾಕು, ಮುದುಕಿಯನ್ನು ಮೆಟ್ಟಿಲು ಇಳಿಸುವ ಹಾಗೆ ಮೆಲ್ಲಗೆ ಇಳಿಸಿತು. ಸೋಮಕ್ಕನ ಆ ಹೊರೆಯ ಮಡಕೆಗಳಲ್ಲಿ ಒಂದೇ ಒಂದಕ್ಕೆ ಬಾಯಿ ಚಕ್ಕೆ ಎದ್ದಿತ್ತು, ಅದು ಮೊದಲೇ ಹಾಗಿತ್ತು ಎಂದು ಅವಳೇ ಒಪ್ಪಿಕೊಂಡಳು.

ನನ್ನ ಪ್ರೀತಿ ಎರಡರ ಮೇಲೆ, ಬುದ್ಧಿ ನಾಲ್ಕರ ಮೇಲೆ. ಗೆರೆ ನನ್ನೊಬ್ಬಳಿಗಲ್ಲವಲ್ಲ. ಆ ಗೆರೆಯ ಮೇಲೆ ಮಡಕೆ ಬರಬೇಕು, ಬಸುರಿಯರು ಬರಬೇಕು, ವಯಸ್ಸಾದವರು ಬರಬೇಕು. ತೀರ್ಮಾನ ಮಾಡಿದ ಮೇಲೆ ನಾನು ಹಿಂದೆ ಮುಂದೆ ನೋಡುವವಳಲ್ಲ. ಅದೇ ಸಂಜೆ ಮಾವನಿಗೆ ಹೇಳಲು ಹೋದೆ.

ಮಾವ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ನಾನು ಹೇಳುವುದಕ್ಕೆ ಮೊದಲೇ ಅವನಿಗೆ ಗೊತ್ತಾಗಿತ್ತು. ಗುಡ್ಡದ ಮೇಲೆ ಯಾವ ಗಾಡಿ ಎಷ್ಟು ಹೊತ್ತು ಕೂಗಿತು, ಯಾವ ತಿರುವಿನಲ್ಲಿ ಬಿತ್ತು ಎಲ್ಲ ಅವನು ಕೂತಲ್ಲಿಂದಲೇ ಕೇಳಿಸಿಕೊಂಡಿದ್ದ.

"ಕೆಡವಿಕೊಂಡೆ," ಎಂದ.

"ಕೆಡವಿಕೊಂಡೆ, ಎತ್ತಿದೆ."

"ಎರಡರದ್ದು ಬಿದ್ದಿದ್ರೆ ಅದೇ ಎದ್ದು ನಿಂತ್ಕೊತಿತ್ತು."

"ಹೌದು ಮಾವ. ಎದ್ದು ನಿಂತ್ಕೊಂಡು, ಇಳಿವಾಗ ನನ್ನ ಬಿಟ್ಟು ಮುಂದೆ ಹೋಗ್ತಿತ್ತು."

ಅವನ ಕೈ ನಿಂತಿತು. ಅವನು ಬಿದ್ದದ್ದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹೇಳಿದ ಹಾಗೇ ಆಯಿತು. ಬೀಜವನ್ನು ಒಂದು ಕಡೆ, ಹಣ್ಣನ್ನು ಒಂದು ಕಡೆ ಸರಿಸಿ ಅವನು ನನ್ನನ್ನು ನೋಡದೆ ಮಾತಾಡಿದ. "ಗುಡ್ಡ ಅಂದ್ರೆ ಎದುರಾಎದುರು ಹತ್ಬೇಕು. ಬಳಸ್ಕೊಂಡು ಹೋಗೋದು ಎಮ್ಮೆ ಕೆಲಸ. ನೀನು ನಾಲ್ಕರ ಗಾಡಿ ಮೇಲೆ ಕೈ ಇಟ್ರೆ, ನಿನ್ನ ಗೆರೆ ಮೇಲೆ ನನ್ನ ಚಕ್ರ ಬರಲ್ಲ. ಪದ್ಧತಿ ಏನು ಅಂತ ನಿಂಗೆ ಗೊತ್ತಲ್ಲ."

"ಗೊತ್ತು," ಎಂದೆ. "ಬರ್ತೀಯ." ಎದ್ದು ಬಂದೆ. ದಾರಿಯುದ್ದಕ್ಕೂ ನನಗೆ ಸಿಟ್ಟು. ಸಾಕಿದವನು, ನನ್ನ ಅನ್ನ ನನ್ನ ಕೈಯಿಂದ ಕಿತ್ತುಕೊಳ್ಳುತ್ತೇನೆ ಅನ್ನುತ್ತಾನಲ್ಲ ಎಂದು ದುಃಖವೂ ಆಯಿತು. ಆದರೂ ಅವನು ಬರುತ್ತಾನೆ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ನನಗೆ ಅನುಮಾನ ಬರುವುದೇ ಕಡಿಮೆ.

ಮಾರನೆಯ ದಿನ ಪೇಟೆಯ ಕಟ್ಟೆಯ ಮುಂದೆ ಎರಡು ಗಾಡಿಗಳನ್ನೂ ತೊಳೆದು ಹೂವು ಸಿಕ್ಕಿಸಿ ನಿಲ್ಲಿಸಿದರು. ನಾನು ನಾಲ್ಕರ ಗಾಡಿಯ ಟ್ಯಾಂಕಿನ ಮೇಲೆ ಕೈ ಇಟ್ಟೆ. ನಾಲ್ಕರವರು ಸಿಳ್ಳೆ ಹೊಡೆದರು, ಎರಡರವರು ಮುಖ ದಪ್ಪ ಮಾಡಿಕೊಂಡರು. ಸಾಕಮ್ಮ ನನ್ನ ಪಕ್ಕಕ್ಕೆ ಬಂದು, "ನಿಮ್ಮಾವ?" ಎಂದು ಮೆಲ್ಲಗೆ ಕೇಳಿದಳು. ಬರುತ್ತಾನೆ ಎಂದೆ. "ಬರ್ದಿದ್ರೆ ನನ್ನ ಕೈಲಿ ಏನೂ ಆಗಲ್ಲಮ್ಮ. ಪದ್ಧತಿ ಮುರಿಯಾಕೆ ನಾನು ಯಾವಳು," ಎಂದಳು.

ನನ್ನ ಮೊದಲ ಗೆರೆಯ ದಿನ ಗುಡ್ಡ ಜಾಲಿ ಬಯಲಿಗೂ ಪೇಟೆಗೂ ಮಧ್ಯೆ ಸರಿಯಾಗಿ ಅಡ್ಡ ಬಂದು ಕೂತಿತ್ತು. ನಾಲ್ಕು ಕೇರಿಯವರೂ ಅದನ್ನು ದಾಟದೆ ಪೇಟೆಗೆ ಬರುವಂತಿರಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡೆ, ನೋಡಲಿ ಎಲ್ಲರೂ. ಸುಣ್ಣ ತುಂಬಿಕೊಂಡು ಹೊರಟೆ. ಅಂಥ ಗೆರೆಯನ್ನು ನಮ್ಮೂರು ಅದುವರೆಗೆ ನೋಡಿರಲಿಲ್ಲ. ಎಲ್ಲೂ ಕಡಿದಾಗಿಲ್ಲ, ಎಲ್ಲೂ ಸಡಿಲ ಕಲ್ಲಿಲ್ಲ, ತಿರುವಿಗೆ ತಿರುವು ಪೋಣಿಸಿ ಗುಡ್ಡವನ್ನು ಮೆಲ್ಲಗೆ ಮೂರು ಸುತ್ತು ಸುತ್ತಿಸಿ ಹತ್ತಿಸಿದೆ, ಹಾಗೇ ಇಳಿಸಿದೆ. ಜಾಲಿ ಬಯಲಿನಲ್ಲಿ ಮಾವನ ಅಂಗಳದ ಅಂಚಿನವರೆಗೂ ಗೆರೆ ಎಳೆದು ತಂದೆ. ಅಂಗಳದಲ್ಲಿ ಅವನ ಗಾಡಿ ನಿಂತಿತ್ತು. ಗೆರೆಯನ್ನು ಒಂದು ಮಾರು ಒಳಗೆ ಎಳೆದು ಆ ಚಕ್ರದ ಕೆಳಗೇ ಸುಣ್ಣ ಚೆಲ್ಲಿ, ಚಕ್ರ ಗೆರೆಯ ಮೇಲಿತ್ತು ಎಂದು ವಾದಿಸಬಹುದಿತ್ತು, ಹಾಗೆ ಮಾಡು ಎಂದು ದಸ್ತಗೀರಣ್ಣ ಹಿಂದಿನ ದಿನ ಕಣ್ಣು ಮಿಟುಕಿಸಿದ್ದ. ನಾನು ಮಾಡಲಿಲ್ಲ. ನಿಂತ ಚಕ್ರ ನನಗೆ ಯಾಕೆ?

ನನ್ನ ತಪ್ಪು ಗೊತ್ತಾದದ್ದು ಹೊತ್ತು ಏರಿದ ಮೇಲೆ. ನಾಲ್ಕರ ಮನೆಯವರು ಹಾಯಾಗಿ ಹತ್ತಿ ಇಳಿದು ಪೇಟೆ ಸೇರಿದರು. ಎರಡರ ಮನೆಯವರು ಎರಡನೇ ಸುತ್ತಿಗೇ ಒಬ್ಬೊಬ್ಬರಾಗಿ ನಿಂತರು. ಟೂ ಸ್ಟ್ರೋಕನ್ನು ಮೆಲ್ಲಗೆ ಬಹಳ ಹೊತ್ತು ಓಡಿಸಬಾರದು. ಬೆರೆಸಿದ ಆಯಿಲ್ ಪೂರ್ತಿ ಉರಿಯದೆ ಪ್ಲಗ್ಗಿಗೆ ಮೆತ್ತಿಕೊಳ್ಳುತ್ತದೆ, ಎಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ. ಇದನ್ನು ಬಾಯಲ್ಲಿ ಹಾಲಿನ ವಾಸನೆ ಇದ್ದಾಗಿನಿಂದ ಬಲ್ಲವಳು ನಾನು. ನಾಲ್ಕರ ಗಾಡಿಯ ಮೇಲೆ ಕೂತು ನಾಲ್ಕರ ಗಾಡಿಯ ಹಾಗೇ ಯೋಚಿಸಿ, ಅರ್ಧ ಊರನ್ನು ಮರೆತುಬಿಟ್ಟಿದ್ದೆ. ನಾನು ಹೋಗಿ ನೋಡಿದಾಗ ಗುಡ್ಡದ ಮಗ್ಗುಲಲ್ಲಿ ಜಾತ್ರೆಯಷ್ಟು ಜನ. ಎಲ್ಲರೂ ಪ್ಲಗ್ ಬಿಚ್ಚಿ, ಕೆಲವರು ಉಪ್ಪುಕಾಗದದಲ್ಲಿ, ಕೆಲವರು ಸೆರಗಿನಲ್ಲಿ ಒರೆಸುತ್ತ ಕೂತಿದ್ದರು. ಬುತ್ತಿ ಬಿಚ್ಚಿದವರೂ ಇದ್ದರು. "ಗೆರೆಯವ್ವ, ಊಟಕ್ಕೆ ಬಾ, ನಿನ್ ದಯದಿಂದ ಗುಡ್ಡದ ಮೇಲೆ ಒಸಗೆ ನಡೀತೈತೆ," ಎಂದು ಒಬ್ಬರು ಕರೆದರು. ನನ್ನ ಕಿವಿ ಬಿಸಿಯಾಯಿತು. ಆದರೂ ಕೂತು ಒಂದು ತುತ್ತು ತಿಂದೆ, ಎಲ್ಲರ ಪ್ಲಗ್ಗನ್ನೂ ತಿಕ್ಕಿಕೊಟ್ಟೆ, ಒಬ್ಬೊಬ್ಬರನ್ನಾಗಿ ದಾಟಿಸಿದೆ. ಬೈದುಕೊಂಡಾದರೂ ಬಂದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪೇಟೆಯಲ್ಲಿ ಸಾಕಮ್ಮ ಎಲ್ಲ ಮನೆಯವರನ್ನೂ ನೋಡಿ ಆಗಿತ್ತು. ಬರಬೇಕಾದದ್ದು ಮಾವನ ಚಕ್ರ ಒಂದೇ.

ಎಲ್ಲರೂ ಗುಡ್ಡದ ಕಡೆ ನೋಡುತ್ತ ಕೂತರು. ಟೀ ಅಂಗಡಿಯಲ್ಲಿ ಎರಡರವರೂ ನಾಲ್ಕರವರೂ ಮೊದಲ ಸಲ ಒಂದೇ ಬೆಂಚಿನ ಮೇಲೆ ಕೂತಿದ್ದರು. ಬಿಸಿಲು ಕಟ್ಟೆಯಿಂದ ಇಳಿದು ಬೀದಿಗೆ ಬಂತು. ಸೋಮಕ್ಕ, "ಬರಾಕಿಲ್ಲ ಆ ಮುದುಕ, ಹೋಗಿ ಎಳ್ಕೊಂಡ್ ಬಾ," ಎಂದಳು. ಎಳೆದು ತರಬಾರದು, ಅವರಾಗಿ ಬರಬೇಕು ಎಂದು ಸಾಕಮ್ಮ ಹೇಳಿದಳು. ನೋಡಿಕೊಂಡು ಬರಲು ಯಾರ ಅಡ್ಡಿಯೂ ಇಲ್ಲವಲ್ಲ ಎಂದು ನಾನು ಗಾಡಿ ಹತ್ತಿದೆ. ಗುಡ್ಡ ದಾಟುವಷ್ಟು ಹೊತ್ತೂ ಅವನಿಗೆ ಹೇಳಬೇಕಾದ ಮಾತುಗಳನ್ನು ಹಲ್ಲು ಕಚ್ಚಿ ಜೋಡಿಸಿಕೊಂಡೆ. ಅವುಗಳಲ್ಲಿ ಒಂದೂ ಒಳ್ಳೆಯದಿರಲಿಲ್ಲ.

ಮಾವ ಜಗಲಿಯ ಮೇಲೆ ಇರಲಿಲ್ಲ. ಅಂಗಳದಲ್ಲಿ, ಗಾಡಿಯ ಪಕ್ಕದಲ್ಲಿ, ನೆಲದ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಗಡ್ಡ ಬೋಳಿಸಿದ್ದ. ಗಾಡಿ ಚಲಾಯಿಸುವಾಗ ಹಾಕುವ ದಪ್ಪ ಬೂಟುಗಳಿಗೆ ಲಾಡಿ ಬಿಗಿದಿತ್ತು. ಅಂಗಿ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು. ಗಾಡಿಯ ಬಲಗಡೆ, ಕಿಕ್ಕರಿನ ಪಕ್ಕದ ನೆಲ ಬೂಟಿನ ಹಿಮ್ಮಡಿಗೆ ಸಿಕ್ಕಿ ಗುಳಿ ಬಿದ್ದಿತ್ತು. ಅಂಗಳದ ತುಂಬ ಹಸಿ ಪೆಟ್ರೋಲಿನ ವಾಸನೆ.

ನನ್ನನ್ನು ಕಂಡು ಅವನು, "ನಿನ್ನ ಗೆರೆ ಮೇಲೆ ನನ್ನ ಚಕ್ರ ಬರಲ್ಲ ಅಂದಿದ್ನಲ್ಲ," ಎಂದ.

ನಾನು ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ. ಬಲಗಾಲಿನಿಂದ ಒದೆಯಬೇಕಾದ ಕಿಕ್ಕರು, ಬಲಗಡೆ ಮುರಿದ ಸೊಂಟ. ಹೋದ ಸುಗ್ಗಿಯಿಂದ ಅವನು ಹೊರಗೆ ಬಾರದೆ ಕೂತದ್ದು ಊರವರ ಗೆರೆಯ ಮೇಲಿನ ಸಿಟ್ಟಿಗಲ್ಲ. ಎರಡು ಮತ್ತು ನಾಲ್ಕರ ಜಗಳಕ್ಕೂ ಅಲ್ಲ. ಅವನಿಗೆ ತನ್ನ ಗಾಡಿಯನ್ನು ಒದ್ದು ಹೊತ್ತಿಸಲು ಆಗುತ್ತಿರಲಿಲ್ಲ. ವಾರವಾರವೂ ಬಂದು ಬೇಳೆ ಅಕ್ಕಿ ಇಟ್ಟುಹೋದ ನನಗೆ, ಎಲ್ಲವೂ ಗೊತ್ತು ಎಂದು ಮೆರೆಯುವ ನನಗೆ, ಇದು ಕಂಡಿರಲಿಲ್ಲ. ಬರಲ್ಲ ಎಂದು ಬಾಯಲ್ಲಿ ಹೇಳಿ, ಬೆಳಗ್ಗೆಯಿಂದ ಬರಲು ಒದ್ದಾಡುತ್ತಿದ್ದ. ನನಗೆ ಅಳು ಒತ್ತಿಕೊಂಡು ಬಂತು. ಅತ್ತಿದ್ದರೆ ಅವನಿಗೆ ಸಾಯುವಷ್ಟು ಅವಮಾನವಾಗುತ್ತಿತ್ತು. ಗಾಡಿಯಿಂದ ಇಳಿದು ಸುಣ್ಣದ ಡಬ್ಬ ಸರಿಮಾಡುವ ನೆಪದಲ್ಲಿ ಬೆನ್ನು ತಿರುಗಿಸಿ ಮುಖ ಒರೆಸಿಕೊಂಡೆ.

"ಬರಬೇಡ ಬಿಡು," ಎಂದೆ. "ನನಗೆ ಬೇರೆ ಕೆಲಸ ಇದೆ. ಈ ನಾಲ್ಕರ ಗಾಡಿ ಸದ್ದು ಕೇಳಿ ಕೇಳಿ ಕಿವಿ ಮಂದ ಆಗಿದೆ. ಒಂದ್ಸಲ ನಿನ್ನ ಗಾಡಿ ಹೊತ್ತಿಸ್ತೀನಿ, ಬೈಬೇಡ."

ಅವನು ಒದ್ದು ಒದ್ದು ಎಂಜಿನ್ನಿಗೆ ಪೆಟ್ರೋಲು ಉಕ್ಕಿಹೋಗಿತ್ತು. ಪೆಟ್ರೋಲಿನ ನಲ್ಲಿ ಮುಚ್ಚಿ, ಆಕ್ಸಿಲರೇಟರ್ ಪೂರ್ತಿ ತೆರೆದು, ಒಳಗೆ ತುಂಬಿದ್ದೆಲ್ಲ ಹೊರಹೋಗುವವರೆಗೆ ಒದ್ದೆ. ಅವನೇ ಕಲಿಸಿದ ಉಪಾಯ. ಒಮ್ಮೆ ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಅಂಗಳದ ತುಂಬ ನೀಲಿ ಹೊಗೆ ಎದ್ದು ಗಾಡಿ ಕೂಗಿಕೊಂಡಿತು. ಹ್ಯಾಂಡಲ್ ಬಿಡದೆ ಹಾಗೇ ನಿಂತೆ. ಮಾವ ನೆಲಕ್ಕೆ ಕೈಯೂರಿ ಎದ್ದ. ಎಡಗಡೆಯಿಂದ, ಮೆಲ್ಲಗೆ, ಕೈಯಿಂದ ಬಲಗಾಲನ್ನು ಎತ್ತಿ ಸೀಟಿನ ಮೇಲಿಂದ ದಾಟಿಸಿ ಕೂತ. ನಾನು ಆಗ ಬೇಕೆಂದೇ ಜಾಲಿ ಮರ ನೋಡುತ್ತಿದ್ದೆ. ಅವನು ಹ್ಯಾಂಡಲ್ ಹಿಡಿದುಕೊಂಡ ಮೇಲೆ ನಾನು ಕೈ ಬಿಟ್ಟೆ.

"ಪೇಟೇಲಿ ಒಂದ್ ಟೀ ಕುಡಿಯೋಣ ಅನ್ಸುತ್ತೆ," ಎಂದ.

"ದಾರಿ ಅದೇ ಇರೋದು," ಎಂದೆ.

ಮಾವ ಮುಂದೆ, ನಾನು ಹಿಂದೆ. ಅವನ ಚಕ್ರ ನನ್ನ ಗೆರೆಯ ಮೇಲೆ ಉರುಳತೊಡಗಿತು. ಒಂದು ಸುತ್ತು ಆಯಿತು. ಎರಡನೆಯದಕ್ಕೆ ಎಂಜಿನ್ನಿನ ದನಿ ಗೊರಗೊರ ಆಯಿತು. ಇಲ್ಲಿ ನಿಂತರೆ ಮತ್ತೆ ಒದೆಯಲು ಅವನಿಂದ ಆಗದು, ಮೇಲಿನಿಂದ ಯಾರಾದರೂ ನೋಡುತ್ತಿದ್ದರೆ ಗುಟ್ಟು ರಟ್ಟಾಗುತ್ತದೆ. ಮಾವ ತಿರುಗಿ ನೋಡಿ, "ಎಂಥ ಗೆರೆ ಹಾಕಿದ್ದೀಯ ಕೂಸೇ, ಟೂ ಸ್ಟ್ರೋಕು ಎಲ್ಲಿ ಗಂಟಲು ಸರಿಮಾಡ್ಕೊಬೇಕು?" ಎಂದು ಕೂಗಿದ. ಮರುಗಳಿಗೆ ಗೆರೆ ಬಿಟ್ಟು ಎಡಕ್ಕೆ ತಿರುಗಿಸಿ, ಎರಡು ಸುತ್ತಿನ ನಡುವಿನ ಏರನ್ನು ನೇರಕ್ಕೆ ಹಿಡಿದು ಆಕ್ಸಿಲರೇಟರ್ ತಿರುಗಿಸಿದ. ಆ ಹುಚ್ಚು ಕೂಗನ್ನು ಊರು ಒಂದು ವರ್ಷದಿಂದ ಕೇಳಿರಲಿಲ್ಲ. ಕಪ್ಪು ಹೊಗೆ ಒಂದು ಸಲ ಉಗಿದು ಗಾಡಿಯ ದನಿ ತಿಳಿಯಾಯಿತು, ಮೇಲಿನ ಸುತ್ತಿನಲ್ಲಿ ಅವನು ಮತ್ತೆ ನನ್ನ ಗೆರೆಯನ್ನು ಕೂಡಿಕೊಂಡ. ಚಿಕ್ಕ ಏರು, ಕಲ್ಲಿಲ್ಲದ ನೆಲ, ಗಂಟಲು ಸರಿಮಾಡಿಕೊಳ್ಳಲು ಅಷ್ಟೇ ಸಾಕು. ಸುಣ್ಣದ ಡಬ್ಬದ ಬಾಯಿ ತೆಗೆದು ನಾನೂ ಅವನ ಹಿಂದೆ ಅದನ್ನೇ ಹತ್ತಿದೆ. ನನ್ನ ಗಾಡಿ ಏದುಸಿರು ಬಿಟ್ಟಿತು, ಆದರೂ ಹತ್ತಿತು. ಆ ಅಡ್ಡಗೆರೆ ಇವತ್ತಿಗೂ ನನ್ನ ಗೆರೆಯಲ್ಲಿ ಇರುತ್ತದೆ, ಗುಡ್ಡ ಎಲ್ಲೇ ಕೂತಿರಲಿ. ಎರಡರವರು ಅಲ್ಲಿ ನೇರ ಹೋಗುತ್ತಾರೆ, ನಾಲ್ಕರವರು ಸುತ್ತಿ ಬರುತ್ತಾರೆ, ಮೇಲೆ ಸೇರಿಕೊಳ್ಳುತ್ತಾರೆ.

ಇಳಿಯುವಾಗ ಅವನು ಗೆರೆ ಬಿಡಲಿಲ್ಲ. ಬ್ರೇಕನ್ನು ಮುಟ್ಟಿ ಮುಟ್ಟಿ ಬಿಡುತ್ತ, ನನ್ನ ಒಂದೊಂದು ತಿರುವನ್ನೂ ಪೂರ್ತಿ ಬಳಸಿಕೊಂಡು ಇಳಿದ. ಎಮ್ಮೆ ಕೆಲಸ ಎಂದವನು ಬಾಯಿ ಬಿಡಲಿಲ್ಲ, ನಾನೂ ಕೆಣಕಲಿಲ್ಲ. ಹೊತ್ತು ಮುಳುಗಲು ಇನ್ನೂ ಒಂದಿಷ್ಟು ಬಿಸಿಲು ಇದ್ದಾಗ ಅವನ ಮುಂದಿನ ಚಕ್ರ ಪೇಟೆಯ ಕಟ್ಟೆ ಮುಟ್ಟಿತು. ಸಾಕಮ್ಮ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಗೆರೆ ನಿಂತಿತು," ಎಂದಳು. ಜನ ನನ್ನನ್ನು ಎತ್ತಿಕೊಂಡರು, ಯಾರೋ ತಲೆಯ ಮೇಲೆ ಸುಣ್ಣ ಸುರಿದರು.

ಮಾವ ಗಾಡಿಯಿಂದ ಇಳಿಯಲಿಲ್ಲ. ಟೀ ಅಂಗಡಿಯ ಮುಂದೆ ಎಡಗಾಲು ನೆಲಕ್ಕೆ ಊರಿ, ಸೀಟಿನ ಮೇಲೆ ಕೂತೇ ಲೋಟ ತರಿಸಿಕೊಂಡ. ಎಂಜಿನ್ ಆರಿಸಲಿಲ್ಲ. ಬಲಗೈಯಲ್ಲಿ ಆಗಾಗ ಆಕ್ಸಿಲರೇಟರ್ ತಿರುಗಿಸುತ್ತ ಎಡಗೈಯಲ್ಲಿ ಟೀ ಕುಡಿಯುತ್ತಿದ್ದ. ಅಂಗಡಿಯ ತುಂಬ ಹೊಗೆ ಆಯಿತು. "ನೋಡ್ರಪ್ಪ ಎರಡರವನ ಜಂಬಾನ, ಸೋತು ಬಂದ್ರೂ ಕೂಗೋದು ಬಿಡಲಿಲ್ಲ," ಎಂದು ನಾಲ್ಕರವರು ನಕ್ಕ ಮಾತಿಗೆ ಎರಡರವರು ತೊಡೆ ತಟ್ಟಿಕೊಂಡರು. ಸೋಮಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಚಿಕ್ಕೀರಣ್ಣ, ಟೀ ಕರ್ರಗಾಯ್ತು, ಆರ್ಸಪ್ಪ ಆ ಶನಿನ," ಎಂದಳು. ಒಬ್ಬ ಕೀಲಿಯ ಕಡೆ ಕೈ ಚಾಚಿದ. ಮಾವನ ಮುಖದಲ್ಲಿ ನಗು ಇತ್ತು, ಆದರೆ ಅವನು ನನ್ನ ಕಡೆ ನೋಡಿದ. ಬೇಡುವ ಆ ನೋಟವನ್ನು ನಾನು ಹುಟ್ಟಿದಾಗಿನಿಂದ ಅವನ ಮುಖದಲ್ಲಿ ಕಂಡಿರಲಿಲ್ಲ.

ನಾನು ಜನರ ಹೆಗಲಿನಿಂದ ಇಳಿದು ಹೋಗಿ ಆ ಕೀಲಿಯ ಮೇಲೆ ನನ್ನ ಕೈ ಇಟ್ಟೆ. ಊರೆಲ್ಲ ಕೇಳುವ ಹಾಗೆ ಹೇಳಿದೆ: "ಆರಿಸಬೇಡಿ. ಈ ಸದ್ದು ಇಲ್ಲದೆ ನನಗೆ ಗೆರೆ ಹಾಕೋಕೆ ಬರಲ್ಲ. ಇನ್ಮೇಲೆ ದಿನಾ ಬೆಳಿಗ್ಗೆ ಗೆರೆ ಮೊದಲು ಮಾವನ ಅಂಗಳಕ್ಕೆ. ಅವನ ಗಾಡಿ ನಾನೇ ಹೊತ್ತಿಸೋದು, ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಗೆರೆಯವಳ ಪದ್ಧತಿ ಇದು."

ನಾಲ್ಕರ ಗಾಡಿಯವಳಿಗೆ ಎರಡರ ಸದ್ದು ಬೇಕಂತೆ ಎಂದು ಪೇಟೆಗೆ ಪೇಟೆಯೇ ನಕ್ಕಿತು. ಇಷ್ಟು ಆಸೆ ಇದ್ದವಳು ಎರಡರದ್ದನ್ನೇ ತೆಗೆದುಕೊಳ್ಳಬಾರದಾಗಿತ್ತಾ ಎಂದು ದಸ್ತಗೀರಣ್ಣ ಕೇಳಿದ. ನಗಲಿ ಎಂದು ನಾನೂ ನಕ್ಕೆ. ಮಾವ ಲೋಟ ಕೆಳಗಿಟ್ಟು, ಇನ್ನೊಂದು ಟೀ ಹೇಳಿದ.